ನಮ್ಮ ಟ್ಯಾಬು, ಸಂಡೂರಿನ ಟ್ಯಾಬು

ಜೂನ್ ೧೧, ಬುಧವಾರ

ಇವತ್ತು ಗಂಗಾಳನ್ನು ಬಳ್ಳಾರಿಗೆ, ತ್ರಿವೇಣಿ ಮೇಡಂ ಹತ್ತಿರ ಕರೆದುಕೊಂಡು ಹೋಗಿದ್ದೆ. ಮಾತು ಹೋದವರಿಗೆ ಮಾತು ಕಲಿಸುವವರು ಅವರು. ಯುಗಾದಿ ಮುಗಿದ ವಾರದಲ್ಲಿ ಗಂಗಾಗೆ ಲಕ್ವಾ ಹೊಡೆಯಿತು. ಕಾಲು ಸರಿಹೋಯಿತು, ಬಲಗೈ ಅರ್ಧ ಬಂದಿದೆ. ಮಾತು ಮಾತ್ರ ಬಂದಿಲ್ಲ. ಬಾಯಿ ತೆರೆದರೆ ‘ತಾ, ತಾ’ ಅನ್ನುತ್ತಾಳೆ, ಆಮೇಲೆ ತನಗೇ ಸಿಟ್ಟು ಬಂದು ಸುಮ್ಮನಾಗುತ್ತಾಳೆ. ನಮ್ಮ ಮನೆಯಲ್ಲಿ ಮಾತಾಡುತ್ತಿದ್ದವಳೇ ಅವಳು. ಮುಂದಿನ ಕೋಣೆಯಲ್ಲಿ ಅವಳೇ ನಡೆಸುವ ರೊಟ್ಟಿ ಕೇಂದ್ರದಿಂದ ಹಿಂದಿನ ಬಚ್ಚಲವರೆಗೆ ಅವಳ ದನಿಯೇ ತುಂಬಿರುತ್ತಿತ್ತು. ಈಗ ಎದುರುತ್ತರ ಕೊಡುವವರಿಲ್ಲ, ಅದಕ್ಕೇ ಈ ಡೈರಿ ಶುರು ಮಾಡಿದ್ದೇನೆ.

ಮೇಡಂ ಗಂಗಾಗೆ ಎಲ್ಲಿ ನೋವು ಅಂತ ಕೇಳಿದರು. ಭುಜದಲ್ಲಿ ಅಂತ ನಾನು ಹೇಳಿದೆ. ನಿದ್ದೆ ಬರುತ್ತದಾ ಅಂದರು. ಚೆನ್ನಾಗಿ ಬರುತ್ತದೆ ಅಂದೆ. ಊಟದ ವಿಷಯವನ್ನೂ ವಿವರವಾಗಿ ಹೇಳಿದೆ. ಆಮೇಲೆ ಮೇಡಂ, ಕೊಟ್ರಯ್ಯನೋರೇ, ನೀವು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬನ್ನಿ ಅಂದರು. ಭಾಳ ಒಳ್ಳೆಯ ಹೆಣ್ಣುಮಗಳು, ನನಗೂ ದಣಿವಾಗಿರುತ್ತದೆ ಅಂತ ಗೊತ್ತು.

ಗಂಗಾಗೆ ಎಲ್ಲ ತಿಳಿಯುತ್ತದಂತೆ. ಹೇಳಬೇಕಾದ್ದೆಲ್ಲ ಒಳಗೇ ಇದೆ, ಹೊರಗೆ ಬರುವ ದಾರಿ ಕಟ್ಟಿಕೊಂಡಿದೆ. ಅದಕ್ಕೆ ಒಂದು ಟ್ಯಾಬು ಬೇಕು. ಚಿತ್ರ ಮುಟ್ಟಿದರೆ ಅದು ಅವಳ ಬದಲು ಮಾತಾಡುತ್ತದೆ. ಹೆಸರು ಮಾಡಿದ ಕಂಪನಿಯದಾದರೆ ಒಳ್ಳೆಯದು, ಸಾದಾದ್ದರಲ್ಲೂ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೇ ಅಂದರು ಮೇಡಂ.

ಜೂನ್ ೧೩, ಶುಕ್ರವಾರ

ಸ್ಟೇಷನ್ ರಸ್ತೆಯ ಅಂಗಡಿಯಿಂದ ಸಾದಾ ಟ್ಯಾಬು ತಂದೆ. ಅಂಗಡಿಯವನು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ. ಒಳಗ ಎಲ್ಲಾ ಒಂದೇ ರೀ, ಮ್ಯಾಲಿನ ಹೆಸರಷ್ಟ ಬ್ಯಾರೆ ಅಂದ. ನನಗೂ ಹಾಗೇ ಕಂಡಿತು. ಪರದೆ ಹೊಳೆಯುತ್ತದೆ, ಚಿತ್ರ ಬರುತ್ತದೆ, ಸದ್ದು ಬರುತ್ತದೆ. ಇನ್ನೇನು ಬೇಕು?

ಮಧ್ಯಾಹ್ನವೆಲ್ಲ ಕೂತು ಮನೆಯ ಸಾಮಾನಿನ ಫೋಟೋ ಹೊಡೆದೆ. ಚಂಬು, ಒಲೆ, ಹಂಚು, ಮಾತ್ರೆ ಡಬ್ಬಿ, ಫ್ಯಾನು. ಒಂದೊಂದಕ್ಕೂ ನನ್ನದೇ ದನಿ ರೆಕಾರ್ಡ್ ಮಾಡಿ ಸೇರಿಸಿದೆ. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ರಿಟೈರ್ ಆಗುವವರೆಗೆ ಮೈಕಿನಲ್ಲಿ ಬಸ್ಸು ಕೂಗಿದವನು ನಾನು. ನನ್ನ ದನಿಗೆ ಏನು ಕಮ್ಮಿ? ಗಂಗಾ ಚಂಬಿನ ಚಿತ್ರ ಮುಟ್ಟಿದಳು. ‘ನೀರು ಬೇಕು’ ಅಂತ ಕೇಳಿಸಿತು, ಥೇಟ್ ‘ಕಂಪ್ಲಿ ಕಡೆಗೆ ಹೋಗುವ ಬಸ್ಸು’ ಅಂದ ಹಾಗೆ. ಅವಳ ತುಟಿ ಒಂದು ಕಡೆ ಸೊಟ್ಟಗಾಯಿತು. ನಕ್ಕಳು ಅಂತ ನನ್ನ ಲೆಕ್ಕ.

ಜೂನ್ ೧೬, ಸೋಮವಾರ

ಬೆಳಿಗ್ಗೆ ಗಂಗಾ ನೀರಿನ ಚಿತ್ರ ಒತ್ತಿದಳು. ತಂದು ಕೊಟ್ಟೆ. ಮತ್ತೆ ಒತ್ತಿದಳು, ಮತ್ತೆ ತಂದೆ. ಮೂರನೇ ಸಲ ಒತ್ತಿ ಮುಂದಿನ ಕೋಣೆಯ ಕಡೆ ಕೈ ಮಾಡಿದಳು. ಅಲ್ಲಿ ಹುಲುಗಮ್ಮ ಜೋಳದ ಹಿಟ್ಟು ನಾದುತ್ತಿದ್ದಳು. ನಮ್ಮ ಕೇಂದ್ರದಲ್ಲಿ ರೊಟ್ಟಿ ಬಡಿಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಳಬಳು ಅವಳು. ಸೆಕೆಗೆ ಬಾಯಾರಿಕೆ ಜಾಸ್ತಿ ಆಗಿರಬೇಕು ಅಂತ ಈ ಸಲ ದೊಡ್ಡ ಲೋಟದಲ್ಲೇ ತಂದೆ. ಗಂಗಾ ಹಣೆ ಹಿಡಿದುಕೊಂಡು ಕೂತುಬಿಟ್ಟಳು. ತಲೆನೋವೂ ಇದೆಯೋ ಏನೋ.

ಸಂಜೆ ಹುಲುಗಮ್ಮ ಹೇಳಿದಳು, ಇವತ್ತಿನ ಹಿಟ್ಟು ಸ್ವಲ್ಪ ಗಟ್ಟಿ ಆಗಿತ್ತು ರೀ ಅಯ್ಯಾರ, ರೊಟ್ಟಿ ಹರಿದುವು ಅಂತ.

ಜೂನ್ ೨೨, ಭಾನುವಾರ

ಸಂಡೂರಿನಿಂದ ರೇವಣಸಿದ್ದ ಬಂದಿದ್ದ. ಗಂಗಾಳ ತಮ್ಮ. ಅವರವ್ವ ತೀರಿದಾಗ ಇವನು ಸಣ್ಣವನು, ಗಂಗಾಳೇ ಸಾಕಿದಳು. ನಮಗೆ ಮಕ್ಕಳಾಗಲಿಲ್ಲ, ಅವಳ ಮಟ್ಟಿಗೆ ಮಗ ಅಂದರೆ ಇವನೇ. ಈಗ ಅದಿರು ಹೊಡೆಯುವ ಲಾರಿಗಳನ್ನು ಇಟ್ಟಿದ್ದಾನೆ, ಅನುಕೂಲವಾಗಿದ್ದಾನೆ.

ಬಂದವನು ಒಂದು ಬಿಳಿ ಡಬ್ಬಿ ತೆಗೆದು ಅಕ್ಕನ ತೊಡೆಯ ಮೇಲಿಟ್ಟ. ಅದೇ ದುಬಾರಿ ಕಂಪನಿಯ ಟ್ಯಾಬು. ಮಾಮ, ನಿಮ್ಮದು ಇರ್ಲಿ, ಬ್ಯಾಡ ಅನ್ನಲ್ಲ, ಅಕ್ಕಗ ಚಲೋದು ಇರ್ಲಿ ಅಂತ ತಂದೆ ಅಂದ. ನಮ್ಮದು ಚಲೋದಲ್ಲ ಅಂತ ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ತೆಳ್ಳಗಿದೆ. ಬೆರಳು ತಾಗಿಸಿದರೆ ಸಾಕು ತೆರೆದುಕೊಳ್ಳುತ್ತದೆ. ಗಂಗಾಳ ಎಡಗೈ ಬೆರಳು ಸ್ವಲ್ಪ ಆಚೀಚೆ ಬಿದ್ದರೂ ಅದಕ್ಕೆ ತಿಳಿಯುತ್ತದೆ. ಆದರೆ ಅದರೊಳಗಿನ ಹೆಂಗಸಿನ ದನಿ ಒಂದು ನಮೂನೆ. ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ‘ದಯವಿಟ್ಟು ನನಗೆ ನೀರು ಕೊಡಿ’ ಅನ್ನುತ್ತದೆ. ಮದುವೆಯಾದಾಗಿನಿಂದ ಗಂಗಾ ನನಗೆ ದಯವಿಟ್ಟು ಅಂದವಳೇ ಅಲ್ಲ. ಅವಳೂ ಅದನ್ನು ಕೇಳಿ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ರೇವಣ ಏನಾಯ್ತು, ಏನಾಯ್ತು ಅಂತ ಕೇಳುತ್ತಲೇ ಇದ್ದ.

ಜೂನ್ ೨೩, ಸೋಮವಾರ

ಗಂಗಾ ಬೆಳಿಗ್ಗೆ ಸಂಡೂರಿನ ಟ್ಯಾಬು ತೆಗೆದುಕೊಂಡಳು. ಮಧ್ಯಾಹ್ನವೂ ಅದೇ. ಸಂಜೆ ನಾನೇ ನಮ್ಮದನ್ನು ಚಾರ್ಜು ಮಾಡಿ, ಒರೆಸಿ, ಹತ್ತಿರ ಇಟ್ಟೆ. ಒಂದು ಸಲ ‘ಫ್ಯಾನು ಹಾಕು’ ಒತ್ತಿದಳು. ಫ್ಯಾನು ಆಗಲೇ ತಿರುಗುತ್ತಿತ್ತು. ನನ್ನ ಸಮಾಧಾನಕ್ಕೆ ಒತ್ತಿದಳೇನೋ.

ಜುಲೈ ೨, ಬುಧವಾರ

ಇವತ್ತು ಅವಮಾನವಾಯಿತು. ಗಂಗಾಗೋ ನನಗೋ ಗೊತ್ತಿಲ್ಲ.

ರೊಟ್ಟಿ ತೆಳ್ಳಗಾಗುತ್ತಿಲ್ಲ ಅಂತ ಗಿರಾಕಿಗಳು ಅಂದದ್ದು ಅವಳ ಕಿವಿಗೆ ಬಿದ್ದಿದೆ. ನಮ್ಮ ಟ್ಯಾಬು ಹಿಡಿದು ಮುಂದಿನ ಕೋಣೆಗೆ ಹೋದಳು. ನಾನು ರೆಕಾರ್ಡ್ ಮಾಡಿದ್ದ ‘ತೆಳ್ಳಗೆ ಬಡೀರಿ’ ಒತ್ತಿದಳು. ನನ್ನ ಗಂಡುದನಿ, ಬಸ್ ಸ್ಟ್ಯಾಂಡಿನ ರಾಗ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅವರಲ್ಲಿ ಹೊನ್ನೂರಮ್ಮ ಅನ್ನುವವಳು, ಅಯ್ಯಾರ ದನಿಯಾಗ ಅಕ್ಕಾರು ಬೈದಂಗಾತು ಅಂದಳು. ಅವಳದು ಹಾಸ್ಯವೇ, ಕೆಟ್ಟ ಮನಸ್ಸಿಲ್ಲ. ಗಂಗಾ ಟ್ಯಾಬನ್ನು ಅಲ್ಲೇ ಹಿಟ್ಟಿನ ಪರಾತದ ಪಕ್ಕ ಇಟ್ಟು ಒಳಗೆ ಬಂದು ಮಲಗಿದಳು. ಆಮೇಲೆ ಎರಡನ್ನೂ ಮುಟ್ಟಲಿಲ್ಲ.

ಜುಲೈ ೯, ಬುಧವಾರ

ಒಂದು ನಿರ್ಧಾರ ಮಾಡಿದ್ದೇನೆ. ಕಡ್ಡಿರಾಂಪುರದಲ್ಲಿ ಖಾನಾವಳಿ ನಡೆಸುವ ಈಶ್ವರ್ ನಮ್ಮ ಹಳೆಯ ಗಿರಾಕಿ. ಹಂಪಿ ನೋಡಲು ಬಂದವರೆಲ್ಲ ಅವನಲ್ಲಿ ಉಣ್ಣುವುದು ನಮ್ಮ ರೊಟ್ಟಿಯನ್ನೇ. ರೊಟ್ಟಿ ಕೇಂದ್ರವನ್ನು ನನಗೆ ಬಿಟ್ಟುಕೊಡಿ, ಹೆಸರು, ಒಲೆ, ಕೆಲಸದವರು ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ ಅಂತ ಕೇಳಿದ್ದಾನೆ. ರೇವಣನೂ ಫೋನಿನಲ್ಲಿ ಹೂಂ ಅಂದ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ. ಗಂಗಾಗೆ ಇನ್ನು ಆರಾಮ ಬೇಕು.

ಮಧ್ಯಾಹ್ನ ಅವಳಿಗೆ ಹೇಳಿದೆ. ಎಡಗೈಯಿಂದ ಮೇಜು ಬಡಿದಳು, ‘ತಾ, ತಾ, ತಾ’ ಅಂದಳು. ನೋಡಿದ್ಯಾ, ಇಷ್ಟಕ್ಕೇ ನಿನಗೆ ಆಯಾಸ ಆಗ್ತದ, ಅದಕ್ಕೇ ಹೇಳಿದ್ದು ಅಂದೆ. ಮುಖ ಆಚೆ ತಿರುಗಿಸಿದಳು. ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು, ಮಾಡಿದವನು ನಾನೇ.

ಜುಲೈ ೧೪, ಸೋಮವಾರ

ತ್ರಿವೇಣಿ ಮೇಡಂ ಎರಡೂ ಟ್ಯಾಬು ನೋಡಿದರು. ಯಾವುದು ವಾಸಿ ಅಂತ ನಾನು ಕೇಳಿದೆ. ನಮ್ಮದರ ಹೆಸರು ಹೇಳಲಿ ಅನ್ನುವ ಆಸೆ ಇದ್ದದ್ದು ನಿಜ. ಎರಡನ್ನೂ ಅವರು ಮುಟ್ಟದೆ ಇದ್ದಾರಲ್ಲ, ಹಾಗಾದರೆ ಎರಡೂ ಸೋತಿವೆ ಅಂದರು.

ಆಮೇಲೆ ಒಂದು ಮಾತು ಕೇಳಿದರು. ಗಂಗಾಂಬಿಕಾ ಅವರದೇ ಹಳೆಯ ದನಿ ಎಲ್ಲಾದರೂ ಇದೆಯಾ? ಮದುವೆ ವಿಡಿಯೋ, ಫೋನು, ಏನಾದರೂ?

ದಾರಿಯಲ್ಲೇ ನನ್ನ ಫೋನು ಜಾಲಾಡಿದೆ. ರೊಟ್ಟಿಯ ಫೋಟೋ ಇವೆ, ದೇವರ ಫೋಟೋ ಇವೆ, ಯಾರದೋ ಗೃಹಪ್ರವೇಶದ್ದಿವೆ. ಅವಳ ದನಿ ಒಂದೂ ಇಲ್ಲ. ಒಂದೇ ಸೂರಿನಡಿ ಇರುವವರು ದನಿ ರೆಕಾರ್ಡ್ ಮಾಡಿ ಯಾಕೆ ಕಳಿಸುತ್ತಾರೆ? ಕರೆದರೆ ಸಾಕು, ಒಳಗಿನಿಂದ ಬರುತ್ತಿತ್ತು. ಪಾಪಿನಾಯಕನಹಳ್ಳಿ ದಾಟುವಾಗ ಅವಳು ಬಸ್ಸಿನ ಕಿಟಕಿಗೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ಅವಳ ದನಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಲು ಹೋದೆ. ಮಾತುಗಳೆಲ್ಲ ನೆನಪಿಗೆ ಬಂದವು. ದನಿ ಬರಲಿಲ್ಲ.

ಜುಲೈ ೧೬, ಬುಧವಾರ

ಸಂಡೂರಿಗೆ ಹೋಗಿದ್ದೆ. ರೇವಣನ ಹತ್ತಿರ ಏನನ್ನೂ ಕೇಳಬಾರದು ಅಂತ ಇದ್ದವನು ನಾನು. ಆದರೆ ಗಂಗಾ ದಿನಾ ಬೆಳಿಗ್ಗೆ ಒಲೆಯ ಮುಂದೆ ಕೂತು ತಮ್ಮನಿಗೆ ವಾಟ್ಸಾಪಿನಲ್ಲಿ ಮಾತು ಕಳಿಸುತ್ತಿದ್ದದ್ದು ನೆನಪಾಯಿತು. ಬರೆಯಲು ಅವಳಿಗೆ ಬೇಸರ.

ಲಾರಿ ನಿಲ್ಲಿಸುವ ಬಯಲಿನಲ್ಲಿ, ಕೆಂಪು ಧೂಳಿನಲ್ಲಿ, ಅವನು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿದ. ವಿಷಯ ಹೇಳಿದೆ. ಅವನು ಫೋನು ತೆಗೆದು ಒಂದನ್ನು ಒತ್ತಿದ. ‘ಉಂಡೇನಲೇ ರೇವಣಾ? ಜ್ವಾಳದ ರೊಟ್ಟಿ ಕಳಿಸೀನಿ, ಬರೇ ಅನ್ನ ತಿಂದು ಹೊಟ್ಟಿ ಬೆಳಸಬ್ಯಾಡ.’

ಅವಳೇ. ಹಿಂದೆ ರೊಟ್ಟಿ ಬಡಿಯುವ ಸದ್ದು, ನಡುವೆ ನನ್ನದೂ ಒಂದು ಕೆಮ್ಮು.

ನಾನು ಅತ್ತೆ. ಬರೆಯಲು ನಾಚಿಕೆ ಇಲ್ಲ, ಯಾರೂ ಓದುವುದಿಲ್ಲ. ರೇವಣ ನನ್ನ ಕಡೆ ನೋಡದೆ ಲಾರಿಯ ಟೈರು ನೋಡುತ್ತಾ ನಿಂತಿದ್ದ. ನಾನು ವಾರಕ್ಕೊಮ್ಮೆ ಹಾಕ್ಕೊಂಡು ಕೇಳ್ತೀನಿ ಮಾಮ, ನಿಮಗ ಹೇಳಿರಲಿಲ್ಲ ಅಂದ.

ಬೆಳಗಿನಿಂದ ಸಂಜೆವರೆಗೆ ಕೂತು ಆರಿಸಿದೆವು. ‘ಬಾ ಇಲ್ಲಿ.’ ‘ಜಲ್ದಿ ಮಾಡು.’ ‘ಹಿಟ್ಟಿಗೆ ನೀರು ಸಾಲಂಗಿಲ್ಲ ನೋಡು.’ ‘ನನಗ ಯಾಕೋ ಬ್ಯಾಸರ ಆಗೈತಿ.’ ನಡುವೆ ‘ನಿಮ್ಮ ಮಾಮ ಏನ್ ಕೇಳಿಸ್ಕೊಳ್ತಾರ? ಅವ್ರು ಮಾತಾಡೋದ ಭಾಳ’ ಅನ್ನುವುದೂ ಬಂತು. ರೇವಣ ಗಾಬರಿಯಾಗಿ ನಿಲ್ಲಿಸಲು ಹೋದ. ಅದನ್ನೂ ಹಾಕು, ಅಕಿಗೆ ಬೇಕಾಗ್ತದ ಅಂದೆ.

ಜೊತೆಗೆ ಒಯ್ದಿದ್ದ ನಮ್ಮ ಟ್ಯಾಬಿನಲ್ಲೇ ಹಾಕಿದೆವು. ಅದಕ್ಕೆ ದನಿ ಸೇರಿಸುವ ದಾರಿ ಮಾತ್ರ ನನಗೆ ಗೊತ್ತು. ಅವನದಕ್ಕೆ ಮೇಡಂ ಬೇಕು.

ಜುಲೈ ೧೭, ಗುರುವಾರ

ಬೆಳಿಗ್ಗೆ ಟ್ಯಾಬು ಅವಳ ಮುಂದಿಟ್ಟು ಒಂದು ಚಿತ್ರ ಒತ್ತಿದೆ. ‘ಬಾ ಇಲ್ಲಿ.’ ಗಂಗಾ ಬೆಚ್ಚಿ ಹಿಂದೆ ನೋಡಿದಳು, ಯಾರೋ ಬಂದ ಹಾಗೆ. ಆಮೇಲೆ ಟ್ಯಾಬಿನ ಮೇಲೆ ಎಡಗೈ ಇಟ್ಟುಕೊಂಡು ಭಾಳ ಹೊತ್ತು ಹಾಗೇ ಕೂತಳು. ಸಮಾಧಾನ ಹೇಳೋಣ ಅಂತ ಬಾಯಿಗೆ ಬಂತು. ಪಕ್ಕದಲ್ಲಿ ಹೋಗಿ ಕೂತೆ.

ಮಧ್ಯಾಹ್ನ ಮುಂದಿನ ಕೋಣೆಯಿಂದ ‘ಹಿಟ್ಟಿಗೆ ನೀರು ಸಾಲಂಗಿಲ್ಲ ನೋಡು’ ಅಂತ ಕೇಳಿಸಿತು. ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು. ಹುಲುಗಮ್ಮ ಹಿಟ್ಟಿನ ಕೈಯಲ್ಲೇ ಗಂಗಾಳನ್ನು ತಬ್ಬಿಕೊಂಡಿದ್ದಳು.

ಜುಲೈ ೨೦, ಭಾನುವಾರ

ಇವತ್ತಿನದು ನಿಧಾನವಾಗಿ ಬರೆಯಬೇಕು.

ಕೇಂದ್ರದ ಮಾತು ಮುಗಿಸಲು ಈಶ್ವರ್ ಬಂದಿದ್ದ. ರೇವಣನೂ ಬಂದಿದ್ದ. ನಾವು ಗಂಡಸರು ಪಡಸಾಲೆಯಲ್ಲಿ ಕೂತಿದ್ದೆವು. ಗಂಗಾ ಬಂದು ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು, ತೊಡೆಯ ಮೇಲೆ ನಮ್ಮ ಟ್ಯಾಬು. ಈಶ್ವರ್ ಮುಂದಿನ ತಿಂಗಳಿಂದಲೇ ಒಲೆಗಳನ್ನು ಕಡ್ಡಿರಾಂಪುರಕ್ಕೆ ಸಾಗಿಸುತ್ತೇನೆ ಅನ್ನುತ್ತಿದ್ದ. ಗಂಗಾ ಬೆರಳು ಎತ್ತಿ ಒತ್ತಿದಳು.

ಏನೂ ಬರಲಿಲ್ಲ. ಮತ್ತೆ ಒತ್ತಿದಳು. ಪರದೆ ಕಲ್ಲಿನ ಹಾಗೆ ನಿಂತುಬಿಟ್ಟಿತ್ತು. ನಾನು ಎದ್ದು ಗುಂಡಿ ಅದುಮಿ ಆರಿಸಿ ಮತ್ತೆ ಹಚ್ಚಿದೆ. ಕಪ್ಪು ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಾ ಕೂತಿತು. ಇಡೀ ಹೊಸಪೇಟೆಯಲ್ಲಿ ಇದಕ್ಕಿಂತ ನಿಧಾನದ ವಸ್ತು ಇರಲಾರದು. ರೇವಣ ತಾನು ಕೊಟ್ಟಿದ್ದ ಟ್ಯಾಬನ್ನು ಮುಂದೆ ಹಿಡಿದ. ಗಂಗಾ ಬೇಡ ಅಂತ ತಲೆ ಆಡಿಸಿದಳು. ಅದರಲ್ಲಿ ಅವಳ ದನಿ ಇಲ್ಲ.

ಈಶ್ವರ್ ಒಳ್ಳೆಯ ಮನುಷ್ಯ. ಅಕ್ಕಾರಿಗೆ ತ್ರಾಸ ಬ್ಯಾಡ, ಅಯ್ಯಾರ, ನೀವ ಹೇಳಿಬಿಡ್ರಿ ಅಂದ.

ಹೇಳಬೇಕು ಅಂತ ಬಾಯಿ ತೆರೆದೆ. ಆಗ ಗಂಗಾ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಕೊನೆಯ ಬಸ್ಸು ಹೊರಡುವಾಗ ದೂರದಿಂದ ಓಡಿ ಬರುವವರು ನನ್ನ ಮೈಕಿನ ಕೋಣೆಯ ಕಿಟಕಿ ಕಡೆ ನೋಡುತ್ತಿದ್ದರಲ್ಲ, ಹಾಗೆ.

“ತಡೀರಿ,” ಅಂದೆ. “ಅಕಿನ ಹೇಳ್ಲಿ.”

ಕೂತೆವು. ಚಕ್ರ ತಿರುಗಿತು. ರೇವಣ ಗೋಡೆ ನೋಡಿದ, ಈಶ್ವರ್ ಕೈಗಡಿಯಾರ ನೋಡಿದ. ಮುಂದಿನ ಕೋಣೆಯ ಬಾಗಿಲಿಗೆ ಹುಲುಗಮ್ಮ, ಹೊನ್ನೂರಮ್ಮ ಬಂದು ನಿಂತರು. ಯಾರೂ ಮಾತಾಡಲಿಲ್ಲ. ನಾನೂ.

ಕೊನೆಗೆ ಚಿತ್ರಗಳು ಒಂದೊಂದಾಗಿ ಬಂದವು. ಗಂಗಾ ಬೆರಳನ್ನು ಗಾಳಿಯಲ್ಲಿ ಆಡಿಸಿ, ಹುಡುಕಿ, ಒತ್ತಿದಳು.

“ನಾ ಇನ್ನಾ ಸತ್ತಿಲ್ಲೋ!”

ಪಡಸಾಲೆ ತುಂಬಾ ಅವಳ ದನಿ. ರೇವಣ ತಲೆ ತಗ್ಗಿಸಿ ನಕ್ಕ, ಕಣ್ಣು ಒದ್ದೆಯಾಗಿತ್ತು. ಹಿಂದೊಮ್ಮೆ ತಿಂಗಳುಗಟ್ಟಲೆ ಅಕ್ಕನನ್ನು ನೋಡಲು ಬರದಿದ್ದಾಗ ಅವನಿಗೆ ಬಂದ ಬೈಗುಳವಂತೆ ಅದು. ಯಾವಾಗ ಅದನ್ನು ಸೇರಿಸಿದನೋ ನನಗೆ ಗೊತ್ತೇ ಇರಲಿಲ್ಲ.

ಈಶ್ವರನ ಮುಖ ಬಾಡಿತು. ಗಂಗಾ ಅವನನ್ನೇ ನೋಡುತ್ತಾ ಇನ್ನೊಂದನ್ನು ಒತ್ತಿದಳು. “ಉಂಡು ಹೋಗು, ಹಂಗ ಹೋಗಬ್ಯಾಡ.”

ಉಂಡು ಹೋದ. ಹೋಗುವಾಗ ನಾಳೆಯಿಂದ ರೊಟ್ಟಿ ಇನ್ನಷ್ಟು ಹೆಚ್ಚಿಗೆ ಬೇಕು ಅಂತ ಗಂಗಾಗೇ ಹೇಳಿದ, ನನಗಲ್ಲ.

ಆಗಸ್ಟ್ ೩, ಭಾನುವಾರ

ಮೇಡಂ ಹೇಳಿಕೊಟ್ಟ ಹಾಗೆ ರೇವಣ ತಾನು ತಂದ ಟ್ಯಾಬಿನಲ್ಲೂ ಅಕ್ಕನ ದನಿ ಹಾಕಿದ. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ ನಮ್ಮದು ಸೋತಿತು. ರೊಟ್ಟಿ ಬಡಿಯುವ ಸದ್ದಿನ ನಡುವೆ ನಮ್ಮದರ ಮಾತು ಕೇಳಿಸುವುದಿಲ್ಲ. ಸಂಡೂರಿನದು ಕೋಣೆ ದಾಟಿ ಬೀದಿಗೂ ಕೇಳುತ್ತದೆ. ಬಿಸಿಲಿಗೆ ಹಿಡಿದರೆ ನಮ್ಮದು ಕಪ್ಪು ಹಲಗೆ, ಅದು ಹೊಳೆಯುತ್ತಲೇ ಇರುತ್ತದೆ. ನಿಲ್ಲುವುದಿಲ್ಲ, ಕಾಯಿಸುವುದಿಲ್ಲ. ಅದು ಅವಳ ಕೆಲಸದ ಟ್ಯಾಬು. ಅವಳು ಒತ್ತಿದ್ದೆಲ್ಲ ದೊಡ್ಡದಾಗಿ ಕೇಳುವಾಗ ನನಗೂ ಖುಷಿಯೇ. ರೇವಣನಿಗೆ ಫೋನು ಮಾಡಿ, ಮಸ್ತ್ ಐತಲೇ ನಿಂದು ಅಂದೆ.

ನಮ್ಮದು ಅಡುಗೆಮನೆಯಲ್ಲಿದೆ. ಹಿಟ್ಟು ಮೆತ್ತಿಕೊಂಡಿದೆ, ಒಂದು ಮೂಲೆ ಬಿರುಕು ಬಿಟ್ಟಿದೆ. ಅದಕ್ಕೆ ಏನಾದೀತೋ ಅನ್ನುವ ಅಂಜಿಕೆ ಗಂಗಾಗಿಲ್ಲ, ಎಣ್ಣೆಗೈಯಲ್ಲೇ ಒತ್ತುತ್ತಾಳೆ. ನಾನು ಪಲ್ಯಕ್ಕೆ ಉಪ್ಪು ಹಾಕಲು ಹೋದಾಗಲೆಲ್ಲ ‘ಅವ್ರು ಮಾತಾಡೋದ ಭಾಳ’ ಬರುತ್ತದೆ. ಉಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅರ್ಥವಾಗುತ್ತದೆ, ಕೈ ಹಿಂದೆ ತೆಗೆಯುತ್ತೇನೆ.

ಆಗಸ್ಟ್ ೧೨, ಮಂಗಳವಾರ

ಬಳ್ಳಾರಿ. ನಿದ್ದೆ ಹೇಗಿದೆ ಅಂತ ಮೇಡಂ ಕೇಳಿದರು. ಗಂಗಾ ಹೇಳಿದಳು. ಬೆಳಗಿನ ಜಾವ ಎಚ್ಚರವಾಗುತ್ತದಂತೆ, ಬಲಗೈ ಜೋಮು ಹಿಡಿಯುತ್ತದಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಟ್ಯಾಬಿನಲ್ಲಿ ಇಲ್ಲದ್ದನ್ನು ಕೈಸನ್ನೆಯಲ್ಲಿ ಹೇಳಲು ಸುಮಾರು ಹೊತ್ತು ಹಿಡಿಯಿತು. ಇವತ್ತು ಚಹಾ ಕುಡಿದು ಬನ್ನಿ ಅಂತ ಯಾರೂ ಅನ್ನಲಿಲ್ಲ, ಮೇಡಂಗೆ ಮರೆತುಹೋಗಿರಬೇಕು.

ಆಗಸ್ಟ್ ೨೪, ಭಾನುವಾರ

ಕೇಂದ್ರಕ್ಕೆ ರಜೆ. ಸಂಜೆ ಇಬ್ಬರೂ ಕಮಲಾಪುರದ ಕೆರೆಗೆ ಹೋಗಿದ್ದೆವು. ಕೆರೆ ತುಂಬಿದೆ. ಏರಿಯ ಮೇಲೆ ಕೂತೆವು, ಗಾಳಿ ಚೆನ್ನಾಗಿತ್ತು.

ಗಂಗಾಗೆ ಒಗ್ಗಾಣಿ ಮಿರ್ಚಿ ಬೇಕಿತ್ತು. ತಂದೆ. ಎರಡನೆಯ ಮಿರ್ಚಿಗೆ ನಾನು ಕೈ ಹಾಕಿದಾಗ ನನ್ನ ಹೊಟ್ಟೆಯ ವಿಷಯ ತೆಗೆದಳು. ಹೊನ್ನೂರಮ್ಮನ ಮಗಳಿಗೆ ಮುಂದಿನ ತಿಂಗಳು ಹೆರಿಗೆಯಂತೆ, ನಮ್ಮಲ್ಲೇ ಕೆಲಸಕ್ಕೆ ಬರುವ ಆ ಹುಡುಗಿಗೆ ಅಲ್ಲಿಯವರೆಗೆ ಒಲೆಯ ಮುಂದಿನ ಕೆಲಸ ಬೇಡ, ಪ್ಯಾಕು ಮಾಡುವುದು ಸಾಕು ಅಂದಳು. ಹಾಗೇ ಮಾಡೋಣ ಅಂದೆ. ಆಮೇಲೆ ನೀರುಕೋಳಿಗಳನ್ನು ತೋರಿಸಿದಳು. ಮರಿಗಳು ತಾಯಿಯ ಹಿಂದೆ ಸಾಲಾಗಿ ಹೋಗುವುದನ್ನು ಕತ್ತಲಾಗುವವರೆಗೆ ನೋಡಿದೆವು. ಮದುವೆಯಾದ ಹೊಸತರಲ್ಲಿ ಒಮ್ಮೆ ಇಲ್ಲಿಗೆ ಬಂದಾಗ ಅವಳ ಚಪ್ಪಲಿ ನೀರಿಗೆ ಬಿದ್ದು ಹೋಗಿತ್ತು, ಅದನ್ನು ನೆನಪು ಮಾಡಿದಳು. ನಾನು ಮರೆತೇಬಿಟ್ಟಿದ್ದೆ. ಅವತ್ತು ನಾನು ಬರಿಗಾಲಲ್ಲಿ ನಡೆದು ನನ್ನ ಚಪ್ಪಲಿ ಅವಳಿಗೆ ಕೊಟ್ಟಿದ್ದೆನಂತೆ. ಇಬ್ಬರೂ ನಕ್ಕೆವು.

ಮನೆಗೆ ಬಂದು ದೀಪ ಹಾಕಿದಾಗ ನೋಡಿದೆ. ಎರಡೂ ಟ್ಯಾಬು ಅಡುಗೆಮನೆಯ ಕಟ್ಟೆಯ ಮೇಲೆ, ಪಕ್ಕಪಕ್ಕ, ಬೆಳಿಗ್ಗೆ ಚಾರ್ಜಿಗೆ ಹಾಕಿದ್ದು ಹಾಕಿದ ಹಾಗೇ ಇದ್ದವು.